ಉಪ್ಪು ಕಾದವಳು

ಮಕ್ಕಳ ವಾರ್ಡಿನಲ್ಲಿ ನನ್ನ ಕೆಲಸ ಉಪ್ಪು ಕಾಯುವುದು. ಆಯಾ ಅಂದರೆ ಗುಡಿಸೋದು, ಒರೆಸೋದು, ಬೆಡ್‌ಪ್ಯಾನ್ ಎತ್ತೋದು ಅಂತ ಎಲ್ಲರಿಗೂ ಗೊತ್ತು. ಅದನ್ನೆಲ್ಲ ನಾನೂ ಮಾಡಿದೆ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಉಪ್ಪು ಕಾದದ್ದನ್ನು ಬರೆಯುತ್ತೇನೆ.

ಮೊಮ್ಮಗಳು ನರ್ಸಿಂಗ್ ಸೇರಿದ್ದಾಳೆ. "ಅಜ್ಜಿ, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ, ನಮ್ಮ ಹುಡುಗೀರಿಗೆಲ್ಲ ಓದಿ ಹೇಳ್ತೀನಿ" ಅಂದಳು. ನಾನು ಓದಿದ್ದು ಮೂರನೇ ಕ್ಲಾಸು, ಒತ್ತು ದೀರ್ಘ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಸೇವೆ, ತ್ಯಾಗ, ಕರುಣೆ ಇವುಗಳ ವಿಷಯ ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ. ಆ ವಾರ್ಡಿನಲ್ಲಿ ಇದ್ದಷ್ಟು ಕಾಲ ನಾನು ಹೆಚ್ಚಾಗಿ ಪಟ್ಟದ್ದು ಹೊಟ್ಟೆಕಿಚ್ಚು.

ನನ್ನ ಊರು ಗುಂಡ್ಲುಪೇಟೆ. ನಮ್ಮತ್ತೆ ಸೂಲಗಿತ್ತಿ. ಅವರ ಹಿಂದೆ ತಿರುಗಿ ಬಾಣಂತಿಯರ ಆರೈಕೆ ಕಲಿತಿದ್ದೆ. ಗಂಡ ಸತ್ತ ಮೇಲೆ ಮಕ್ಕಳನ್ನು ನಮ್ಮವ್ವನ ಹತ್ತಿರ ಬಿಟ್ಟು ಚಾಮರಾಜನಗರಕ್ಕೆ ಬಂದೆ. ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷ ಆಗಿತ್ತು. ಊರಾಚೆ ಒಬ್ಬ ಸಾಹುಕಾರರು ಕಟ್ಟಿಸಿದ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಆ ಕಟ್ಟಡವೂ ಇಲ್ಲ, ಸಾಹುಕಾರರ ಮನೆಯವರೂ ಇಲ್ಲ. ಅಲ್ಲಿ ಆಯಾ ಬೇಕು ಅಂದರು, ಹೋದೆ.

ಡಾಕ್ಟರು ಮೈಸೂರಿನ ಕಡೆಯವರು. ಮೂಗಿನ ತುದಿಯಲ್ಲೇ ಕೋಪ.

"ನಿನಗೇನು ಬರುತ್ತಮ್ಮ?" ಅಂದರು.

"ಬಾಣಂತೀರ ಹೊಟ್ಟೆ ಕಟ್ಟಾಕೆ ಬತ್ತದೆ ಸ್ವಾಮಿ."

"ಮಕ್ಕಳ ಹೊಟ್ಟೆ ಕಟ್ಟಕ್ಕೆ ಬರುತ್ತಾ?"

"ಮಕ್ಕಳ ಹೊಟ್ಟೆ ಯಾಕೆ ಕಟ್ಟಾದು? ಅವೇನು ಹೆತ್ತವಾ?"

ಅವರು ನಗಲಿಲ್ಲ. "ಬಾ ಇಲ್ಲಿ" ಅಂತ ವಾರ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಮಲಗಿದ್ದ ಕೂಸುಗಳನ್ನು ನೋಡಿದೆ. ಕೈಕಾಲು ಸೀಗೆಕಡ್ಡಿ. ಹೊಟ್ಟೆ ಮಾತ್ರ ಗುಡಾಣ. ಹೊಕ್ಕುಳು ಉಬ್ಬಿ ಹೊರಕ್ಕೆ ಬಂದಿದೆ. ಹೊಟ್ಟೆಯ ಮೇಲೆ ನರಗಳು ಆಲದ ಬೇರಿನ ಹಾಗೆ ಹರಡಿವೆ. ಕಣ್ಣು ಅರಿಶಿನ. ಬಾಣಂತಿಯ ಹೊಟ್ಟೆ ಹೆತ್ತು ಖಾಲಿಯಾದದ್ದು. ಇವು ತುಂಬುತ್ತಲೇ ಇರುವ ಹೊಟ್ಟೆಗಳು.

ಅದು ಈಲಿ ಕಾಯಿಲೆ. ಡಾಕ್ಟರು ಲಿವರ್ ಅನ್ನುತ್ತಿದ್ದರು. ಯಾಕೆ ಹೀಗಾಗುತ್ತೆ ಅಂತ ಒಂದು ದಿನ ನಾನು ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ಕೂತು ಹೇಳಿದರು. "ನಿಮ್ಮೂರ ಕೆರೆಗೆ ತೂಬು ಇದೆಯಲ್ಲ, ಆ ತೂಬು ಕಟ್ಟಿಕೊಂಡರೆ ಏನಾಗುತ್ತೆ?" ಅಂದರು. ನೀರು ನಿಲ್ತದೆ, ಏರಿಯಲ್ಲಿ ಜಿನುಗ್ತದೆ, ಕೋಡಿ ಒಡೀತದೆ ಅಂದೆ. "ಅಷ್ಟೇ. ಕರುಳಿಂದ ಬರೋ ರಕ್ತಕ್ಕೆಲ್ಲ ಈಲಿನೇ ತೂಬು. ಈಲಿ ಕಲ್ಲಾದರೆ ರಕ್ತ ಹಿಂದಕ್ಕೆ ನಿಲ್ಲುತ್ತೆ. ಜಿನುಗಿದ ನೀರು ಹೊಟ್ಟೆಗೆ ಬರುತ್ತೆ. ಪಕ್ಕದಲ್ಲಿ ಗುಲ್ಮ ಊದುತ್ತೆ. ಗಂಟಲ ಕೆಳಗಿನ ನರಗಳು ಉಬ್ಬುತ್ತವೆ, ಒಂದಿನ ಕೋಡಿ ಒಡೆದ ಹಾಗೆ ಒಡೆದು ರಕ್ತ ಕಾರುತ್ತಾರೆ." ಇಷ್ಟು ದೊಡ್ಡ ರೋಗವನ್ನು ಹೀಗೆ ಹೇಳಿದವರು ಮತ್ತೊಬ್ಬರು ನನಗೆ ಸಿಕ್ಕಲಿಲ್ಲ. ಕೋಪಿಷ್ಠರಾದರೂ ಆ ಒಂದು ಗುಣಕ್ಕೆ ಅವರನ್ನು ಸಹಿಸಿಕೊಂಡೆ.

ಹೊಟ್ಟೆಯ ನೀರು ತೆಗೆಯುವ ದಿನ ನನಗೆ ಕೈತುಂಬ ಕೆಲಸ. ಕೂಸನ್ನು ದಿಂಬಿಗೆ ಒರಗಿಸಿ ಕೂರಿಸುವುದು. ಅಗಲವಾದ ಬಟ್ಟೆಯನ್ನು ಹೊಟ್ಟೆಗೆ ಸುತ್ತುವುದು. ಡಾಕ್ಟರು ಹೊಕ್ಕುಳ ಕೆಳಗೆ ಕೊಳವೆಯ ಸೂಜಿ ಚುಚ್ಚುತ್ತಿದ್ದರು. ನೀರು ಬಕೆಟ್ಟಿಗೆ ಇಳಿಯುತ್ತಾ ಇದ್ದ ಹಾಗೆ ನಾನು ಹಿಂದೆ ನಿಂತು ಬಟ್ಟೆಯನ್ನು ಬಿಗಿಯುತ್ತಾ ಬರಬೇಕು. ಬಿಗಿ ಸಡಿಲವಾದರೆ ಹೊಟ್ಟೆ ಒಮ್ಮೆಗೇ ಖಾಲಿಯಾಗಿ ಕೂಸು ಕಣ್ಣು ಮೇಲೆ ಮಾಡುತ್ತದೆ. ಹೆಚ್ಚು ಬಿಗಿದರೆ ಉಸಿರು ಕಟ್ಟುತ್ತದೆ. ಕೂಸು ಕಿರುಚೋದು ಸೂಜಿಗಲ್ಲ, ನನ್ನ ಬಿಗಿಗೆ. ಹಾಗಾಗಿ ಅದರ ಕಣ್ಣಲ್ಲಿ ರಾಕ್ಷಸಿ ನಾನು, ಡಾಕ್ಟರಲ್ಲ.

ನೀರು ತೆಗೆದರೆ ನಾಲ್ಕು ದಿನ ಸುಖ. ಉಪ್ಪು ತಿಂದರೆ ಮತ್ತೆ ತುಂಬುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಡಾಕ್ಟರು ಹೇಳಿ, ವಾರ್ಡಿಗೆ ಒಂದು ಹರಳೂ ಬರಬಾರದು, ಬಂದರೆ ನಿನ್ನನ್ನು ಕೇಳುತ್ತೇನೆ ಅಂದರು. ನಮ್ಮ ಕಡೆಯ ಜನಕ್ಕೆ ಉಪ್ಪಿಲ್ಲದ ಊಟ ಅಂದರೆ ಊಟವೇ ಅಲ್ಲ. ಮುದ್ದೆ, ಉಪ್ಸಾರು, ಮೇಲೆ ಖಾರ. ಅದು ಬಿಟ್ಟರೆ ಬದುಕು ಎಲ್ಲಿದೆ? "ಕೂಸು ಸಾಯೋದ್ ಸಾಯ್ತದೆ, ಬಾಯ್ರುಚಿ ಆದ್ರೂ ಕಂಡು ಸಾಯ್ಲಿ" ಅಂತ ನನ್ನ ಎದುರಿಗೇ ಅಂದವರಿದ್ದಾರೆ.

ತರುವ ಉಪಾಯವೋ, ಒಂದೊಂದಲ್ಲ. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಪಕ್ಕ ಉಪ್ಪು. ಅಜ್ಜಿಯರ ತುರುಬಿನಲ್ಲಿ ಉಪ್ಪಿನಕಾಯಿ ಹೋಳು. ಒಬ್ಬ ತಂದೆ ಪೇಟದ ಮಡಿಕೆಯಲ್ಲಿ ಒಣಮೀನು ತಂದಿದ್ದ. ನಾನು ಪೇಟ ತೆಗೆಯಯ್ಯ ಅಂದರೆ "ತಾಸೀಲ್ದಾರ್ ಮುಂದೂ ತೆಗ್ದಿಲ್ಲ, ನಿನ್ ಮುಂದೆ ತೆಗ್ದೇನಾ?" ಅಂದ. ವಾಸನೆಗೆ ಆಸ್ಪತ್ರೆಯ ಬೆಕ್ಕು ಅವನ ಹಿಂದೆಯೇ ತಿರುಗಿತು. ಕೊನೆಗೆ ಬೆಕ್ಕಿಗೆ ಹೆದರಿ ತೆಗೆದ.

ನಾನು ಎಲ್ಲ ಗಂಟೂ ಬಿಚ್ಚಿ ನೋಡುತ್ತಿದ್ದೆ. ಬಿಚ್ಚದೆ ಬಿಟ್ಟಿದ್ದು ಒಂದೇ, ಮಾದಪ್ಪನ ಧೂಳ್ತದ ಗಂಟು. ಆ ದೇವರ ಬೆಟ್ಟದಿಂದ ತಂದ ವಿಭೂತಿ ಅದು, ಪ್ರತಿ ಮಂಚದ ತಲೆದೆಸೆಯಲ್ಲೂ ಒಂದು ಇರುತ್ತಿತ್ತು. ಅದಕ್ಕೆ ಕೈ ಹಾಕುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ನನಗೂ ಇರಲಿಲ್ಲ.

ಮಕ್ಕಳು ನನಗೆ ಉಪ್ಪಿನ ಆಯಾ ಅಂತ ಹೆಸರಿಟ್ಟವು. ನಾನು ಬಾಗಿಲಿಗೆ ಬಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದವು. ಇರಲಿ ಬಿಡು ಅಂತಿದ್ದೆ. ಆಗ ಹೋಲಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಆಮೇಲೆ ಏಲಿಯಮ್ಮ ಬಂದಳು. ವಯನಾಡಿನ ಹುಡುಗಿ. ನರ್ಸ್ ಕೆಲಸ ಕಲಿತು, ಗುಂಡ್ಲುಪೇಟೆ ದಾರಿಯಾಗಿ ಬಸ್ಸಿನಲ್ಲಿ ಬಂದು ಇಳಿದಳು. ಬಿಳಿ ಸೀರೆ, ಬಿಳಿ ಮೆಟ್ಟು, ಎಣ್ಣೆ ಹಚ್ಚಿದ ಉದ್ದ ಕೂದಲು. ಕನ್ನಡ ಅರ್ಧ ಬರುತ್ತಿತ್ತು. ಬಂದ ದಿನವೇ ನನ್ನನ್ನು "ಚೇಚೀ" ಅಂದಳು, ಅಂದರೆ ಅಕ್ಕ. ಹೆಣ್ಣುಕೂಸುಗಳನ್ನೆಲ್ಲ "ಮೋಳೇ" ಅಂದಳು, ಅಂದರೆ ಮಗಳೇ. ವಾರದಲ್ಲಿ ವಾರ್ಡೆಲ್ಲ ಅವಳದಾಯಿತು. ನನ್ನ ಕೈಯಲ್ಲಿ ಬಾಯಿ ಬಿಡದ ಕೂಸು ಅವಳು ಚಮಚ ತೋರಿಸಿದರೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿತ್ತು. ಸಪ್ಪೆ ಗಂಜಿಗೆ ಅವಳು ನಿಂಬೆಹಣ್ಣು ಹಿಂಡುತ್ತಿದ್ದಳು, ಜೀರಿಗೆ ಹುರಿದು ಹಾಕುತ್ತಿದ್ದಳು. ಉಪ್ಪಿಲ್ಲ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ನಿಂಬೆಹಣ್ಣು ನನಗೆ ಯಾಕೆ ಹೊಳೆಯಲಿಲ್ಲ ಅಂತ ಎಷ್ಟೋ ದಿನ ಉರಿದುಕೊಂಡೆ.

ನೀರು ತೆಗೆಯುವಾಗ ಅವಳು ಕೂಸಿನ ಮುಂದೆ ಕೂತು ಬೆರಳು ಹಿಡಿಸಿಕೊಂಡು ಹಾಡು ಹೇಳುತ್ತಿದ್ದಳು. ನಾನು ಹಿಂದೆ ನಿಂತು ಬಿಗಿಯುತ್ತಿದ್ದೆ. ಬಿಗಿಯುವವಳನ್ನು ಯಾವ ಕೂಸು ಮೆಚ್ಚುತ್ತದೆ? ಡಾಕ್ಟರೂ "ಏನು ಕೈಗುಣ ಸಿಸ್ಟರ್ ನಿಮ್ಮದು" ಅಂದರು. ನನಗೆ ಅವರು ಯಾವತ್ತೂ ಅಂದದ್ದು "ಬಕೆಟ್ ತೆಗಿ."

ರಕ್ತ ಕಾರುವುದರ ವಿಷಯ ಹೇಳಬೇಕು, ಅದು ನಿಮ್ಮ ಕೆಲಸಕ್ಕೆ ಬರುತ್ತದೆ. ಗಂಟಲ ಕೆಳಗಿನ ನರ ಒಡೆಯುವ ಮೊದಲು ಎಷ್ಟೋ ಸಲ ಒಳಗೇ ಜಿನುಗಿ, ಮಲ ಡಾಂಬರಿನ ಹಾಗೆ ಕಪ್ಪಗೆ ಬರುತ್ತದೆ. ಬೇರೆ ಸೀಮೆಯಲ್ಲಿ ತಾಯಂದಿರು ಅದನ್ನು ನೋಡಿ ಹೆದರುತ್ತಾರಂತೆ. ನಮ್ಮಲ್ಲಿ ಹೆದರುವುದಿಲ್ಲ. ರಾಗಿ ತಿನ್ನುವ ಮಕ್ಕಳಿಗೆ ಮಲ ಕಪ್ಪಗೇ ಇರುತ್ತದೆ ಅಂತ ಸುಮ್ಮನಿರುತ್ತಾರೆ. ಒಬ್ಬ ಪುಟ್ಟ ಹುಡುಗನ ತಾಯಿ ಹಾಗೆಯೇ ಬಟ್ಟೆ ಒಗೆದು ಹಾಕಿ ಸುಮ್ಮನಿದ್ದಳು. ಕೇಳಿದ್ದಕ್ಕೆ "ಮುದ್ದೆ ಉಣ್ಣೋ ಕೂಸು, ಬೆಳ್ಳಗೆ ಬತ್ತದಾ?" ಅಂದಳು. ಬೆಳಗಾದ ಮೇಲೆ ಆ ಹುಡುಗ ಹೊಟ್ಟೆ ತೊಳಸುತ್ತೆ ಅಂದ. ನಾನು ಹತ್ತಿರದಲ್ಲೇ ಇದ್ದೆ, ಕೈ ಚಾಚಿದೆ. ಅವನು ನನ್ನನ್ನು ದಾಟಿ ಓಡಿ ಏಲಿಯಮ್ಮನ ಮಡಿಲಿಗೆ ಬಿದ್ದ. ರಕ್ತ ಕಾರಿದ್ದು ಅವಳ ಮಡಿಲಲ್ಲಿ. ಡಾಕ್ಟರು ಓಡಿ ಬಂದರು, ಕಾಲ ಕಡೆ ಮಂಚ ಎತ್ತಿಸಿದರು, ಸೂಜಿ ಹಾಕಿದರು. ಅವನಿಗೆ ರಕ್ತ ಹಾಕಿಸಲು ಮೈಸೂರಿಗೆ ಹೋಗಬೇಕಾಗಿತ್ತು. ರೈಲು ಬರುವ ಮೊದಲೇ ಮುಗಿಯಿತು. ಆ ಸೀರೆ ಒಗೆದದ್ದು ನಾನು. ಕಲ್ಲಿನ ಮೇಲೆ ಆ ಸೀರೆ ಕುಕ್ಕುವಾಗಲೂ ನನ್ನ ಮನಸ್ಸಿನಲ್ಲಿದ್ದದ್ದು, ಸಾಯುವಾಗಲೂ ಅವಳ ಹತ್ತಿರವೇ ಓಡಿದನಲ್ಲ ಅಂತ.

ಆವತ್ತಿಂದ ವಾರ್ಡಿನಲ್ಲಿ ಮಲದ ಬಟ್ಟೆ ಒಗೆಯುವ ಮೊದಲು ನಮಗೆ ತೋರಿಸಲೇಬೇಕು ಅಂತ ಮಾಡಿದೆವು. ರಾಗಿಯ ಕಪ್ಪು ಬೇರೆ, ರಕ್ತದ ಕಪ್ಪು ಬೇರೆ. ರಕ್ತದ್ದು ಅಂಟುತ್ತದೆ, ವಾಸನೆ ಹೊಲಸು. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

ಇನ್ನೊಂದು. ಕೆಲವು ಮಕ್ಕಳು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಕಣ್ಣು ಬಿಡುತ್ತಿದ್ದವು. ತಾಯಿಯನ್ನೇ ಯಾರು ನೀನು ಅನ್ನುತ್ತಿದ್ದವು. ಕೈ ಚಾಚು ಅಂದರೆ ಅಂಗೈ ರೆಕ್ಕೆ ಬಡಿದ ಹಾಗೆ ಅದುರುತ್ತಿತ್ತು. ತಾಯಂದಿರು ಗಾಳಿ ಮೆಟ್ಟಿದೆ ಅನ್ನುತ್ತಿದ್ದರು. ಈಲಿ ಕೆಟ್ಟು ವಿಷ ತಲೆಗೇರಿದೆ ಅಂತ ಡಾಕ್ಟರು ಹೇಳುತ್ತಿದ್ದರು. ಮೊದಮೊದಲು ಶಕ್ತಿ ಬರಲಿ ಅಂತ ಎಲ್ಲ ಮಕ್ಕಳಿಗೂ ಮೊಟ್ಟೆ, ಹಾಲು ಸುರಿಯಿರಿ ಅನ್ನುತ್ತಿದ್ದವರು, ಆಮೇಲೆ ಇಂಥ ಮಕ್ಕಳಿಗೆ ಮೊಟ್ಟೆ ಕೊಟ್ಟರೆ ಜೋಕೆ ಅಂದರು. ಎರಡನ್ನೂ ಅಷ್ಟೇ ಜೋರಾಗಿ ಹೇಳಿದರು. ದೊಡ್ಡವರ ಮಾತು ಬದಲಾದಾಗ ಮೊದಲಿನದನ್ನು ನೆನಪಿಸಲು ಹೋಗಬೇಡಿ. ಮೊಟ್ಟೆ ಸುಮ್ಮನೆ ತೆಗೆದಿಡಿ.

ಈಗ ಮಾದೇವಿಯ ವಿಷಯ. ಇಷ್ಟು ಬರೆದದ್ದು ಅದಕ್ಕೇ.

ಮಾದೇವಿ ತೆರಕಣಾಂಬಿ ಹತ್ತಿರದವಳು. ಆರೋ ಏಳೋ ವರ್ಷ. ತಂದೆ ಕೂಲಿಯವನು, ಸೋಮವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನೋಡಿ ಹೋಗುತ್ತಿದ್ದ. ತಾಯಿ ಚೆನ್ನಾಜಮ್ಮ ಮಂಚದ ಪಕ್ಕ ನೆಲದ ಮೇಲೆಯೇ ಇರುತ್ತಿದ್ದಳು. ಈ ಹುಡುಗಿಯ ಮುಂಚೆ ಎರಡು ಕೂಸು ಹೋಗಿದ್ದವು. ಬಂದಾಗ ಹೊಟ್ಟೆ ಎಷ್ಟು ಊದಿತ್ತೆಂದರೆ ಸೊಂಟದ ಉಡುದಾರ ಚರ್ಮದೊಳಕ್ಕೆ ಇಳಿದಿತ್ತು. ನಾನು ಅದನ್ನು ಕತ್ತರಿಸಿ ಸಡಿಲವಾದ ಕರಿದಾರ ಕಟ್ಟಿದೆ. ಡಾಕ್ಟರು ಟೇಪು ಹಿಡಿದು ಅಳೆಯುತ್ತಿದ್ದರು, ನಾನು ಉಡುದಾರ ನೋಡುತ್ತಿದ್ದೆ. ದಾರ ಸೊಂಟಕ್ಕೆ ಜಾರಿದರೆ ನೀರು ಇಳಿದಿದೆ. ಹೊಟ್ಟೆಗೆ ಕಚ್ಚಿದರೆ ಏರಿದೆ.

ಎರಡು ಸಲ ನೀರು ತೆಗೆದರು. ಎರಡನೇ ಸಲ ನಾನು ಬಟ್ಟೆ ಬಿಗಿಯುತ್ತಾ ಇದ್ದ ಹಾಗೇ ಕೂಸಿನ ಕೈಕಾಲು ತಣ್ಣಗಾದವು, ನಾಡಿ ಸಿಕ್ಕಲಿಲ್ಲ. ಹೇಗೋ ಉಳಿಯಿತು. ಡಾಕ್ಟರು ಬೆವರು ಒರೆಸಿಕೊಂಡು, "ಇನ್ನೊಂದು ಸಲ ಚುಚ್ಚಿದರೆ ಈ ಮಗು ಏಳಲ್ಲ. ನೀರಿಳಿಸೋ ಇಂಜೆಕ್ಷನ್ ಕೊಡ್ತೀನಿ. ಅದು ಕೆಲಸ ಮಾಡಬೇಕಾದರೆ ಉಪ್ಪು ನಿಲ್ಲಬೇಕು. ಕೇಳಿಸ್ತಾ?" ಅಂದರು. ಕೇಳಿದ್ದು ನನ್ನನ್ನು.

ಆ ಹುಡುಗಿಗೆ ನಾಲಿಗೆ ಚುರುಕು. ಒಂದು ದಿನ ನಾನು ತಟ್ಟೆ ಇಟ್ಟಾಗ ಕೇಳಿದಳು.

"ಆಯಮ್ಮ, ನಿಮ್ಮಟ್ಟೀಲಿ ಉಪ್ಪದಾ?"

"ಅದೆ."

"ನೀವು ಉಣ್ತೀರಾ?"

"ಉಣ್ತೀನಿ."

"ನಾಚ್ಕೆ ಆಗಾಕಿಲ್ವಾ?"

"ಆಗಾಕಿಲ್ಲ ಕಣಮ್ಮಿ, ಉಣ್ಣು" ಅಂದೆ. ಮುಖ ತಿರುಗಿಸಿದಳು. ಏಲಿಯಮ್ಮ ಬಂದು ತಲೆ ಬಾಚಿ, "ಮೋಳೇ, ನಿಂಬೆ ಹಿಂಡಿದ್ದೇನೆ" ಅಂದಳು. ಉಂಡಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಹುಡುಗಿಯ ತಲೆ ಅವಳ ಎದೆಗೆ ಒರಗಿತ್ತು. ಹೀಗೆ ದಿನಾ ನೋಡುತ್ತಿದ್ದೆ. ನೋಡಬಾರದು ಅಂದುಕೊಂಡರೂ ಕಾಲು ಅಲ್ಲೇ ನಿಲ್ಲುತ್ತಿತ್ತು.

ಇಂಜೆಕ್ಷನ್ ಕೊಟ್ಟ ಮೇಲೆ ಮೊದಲು ದಾರ ಸಡಿಲವಾಯಿತು. ಆಮೇಲೆ ನಿಂತಿತು. ಆಮೇಲೆ ಮತ್ತೆ ಹೊಟ್ಟೆಗೆ ಕಚ್ಚತೊಡಗಿತು. ಡಾಕ್ಟರು ಎಲ್ಲರ ಎದುರಿಗೆ ನನ್ನ ಮೇಲೆ ಹಾರಾಡಿದರು.

"ಉಪ್ಪು ಎಲ್ಲಿಂದ ಬರ್ತಾ ಇದೆ? ನಿನ್ನನ್ನ ಇಟ್ಟುಕೊಂಡಿರೋದು ಯಾತಕ್ಕೆ? ಹೀಗೇ ಏರಿದರೆ ನಾನು ಚುಚ್ಚಲೇಬೇಕಾಗುತ್ತೆ. ಚುಚ್ಚಿದರೆ ಹೋಗುತ್ತೆ. ಹೋದರೆ ಆ ತಾಯಿಗೆ ನೀನೇ ಹೇಳು."

ಆ ಸೋಮವಾರ ಮಾದೇವಿಯ ತಂದೆ ತಂದ ಗಂಟನ್ನು ಮೂರು ಸಲ ಜಾಲಾಡಿದೆ. ಚೆನ್ನಾಜಮ್ಮನ ಸೆರಗು, ತುರುಬು, ಚಾಪೆ ಎಲ್ಲ ನೋಡಿದೆ. ಏನೂ ಸಿಗಲಿಲ್ಲ. ಆಗ ನನಗೆ ಏಲಿಯಮ್ಮನ ಮೇಲೆ ಅನುಮಾನ ಬಂತು. ಬಂತು ಅನ್ನೋದಕ್ಕಿಂತ ಬರಲಿ ಅಂತಲೇ ಕಾಯುತ್ತಿದ್ದೆ. ಒಲೆಯ ಮನೆಯಲ್ಲಿ ಅವಳನ್ನು ಹಿಡಿದೆ.

"ನೀನೇ ಕೊಡ್ತಿದ್ದೀಯೆ. ಮಕ್ಕಳು ಹಿಂದೆ ಬರ್ಲಿ ಅಂತ ಗಂಜೀಗೆ ಉಪ್ಪಾಕ್ತೀಯ. ನಿಂಬೆಹಣ್ಣು ಅಂತೆ ನಿಂಬೆಹಣ್ಣು!"

ಅವಳ ಮುಖ ಕೆಂಪಗಾಯಿತು. ಗಂಜಿ ಸೌಟು ನನ್ನ ಮುಂದೆ ಹಿಡಿದಳು. "ಕುಡಿದು ನೋಡಿ ಚೇಚೀ." ಕುಡಿದೆ. ಸಪ್ಪೆ. ಅವಳು ಸೌಟು ಕೆಳಗಿಟ್ಟು ಹೇಳಿದಳು: "ನೀವು ಯಾವಾಗಲೂ ನನ್ನನ್ನೇ ನೋಡುತ್ತೀರಿ. ಆ ಮೋಳ್ ತುಟಿ ನೋಡಿದ್ದೀರಾ? ಒಡೆದಿದೆ. ಮಧ್ಯಾಹ್ನ ಮಲಗಿದಾಗ ಏನೋ ಚೀಪುತ್ತಾಳೆ. ನಾನು ಹೋದರೆ ಬಾಯಿ ಮುಚ್ಚುತ್ತಾಳೆ."

ಅದನ್ನು ಅವಳು ನೋಡಿದ್ದಳು, ನಾನು ನೋಡಿರಲಿಲ್ಲ. ಅದಕ್ಕೂ ಒಂದು ಉರಿ.

ಮಾರನೇ ದಿನ ಊಟದ ತಟ್ಟೆ ಎತ್ತಿಕೊಂಡು ಹೊರಟಂತೆ ಮಾಡಿ, ಬಾಗಿಲ ಹಿಂದೆ ನಿಂತೆ. ಏಲಿಯಮ್ಮ ಹುಡುಗಿಯ ತಲೆ ಸವರಿ ಹೋಗಿದ್ದಳು. ನಾನು ಎಂದಿನಂತೆ ಒಂದು ಗಳಿಗೆ ನಿಂತು ನೋಡಿ ಬಂದಿದ್ದೆ. ಚೆನ್ನಾಜಮ್ಮ ಎದ್ದು ಸುತ್ತ ನೋಡಿದಳು. ತಲೆದೆಸೆಯಿಂದ ಮಾದಪ್ಪನ ಧೂಳ್ತದ ಗಂಟು ತೆಗೆದಳು. ಬಿಚ್ಚಿದಳು. ಒಳಗೆ ವಿಭೂತಿ ಒಂದು ಚೂರು, ಮಿಕ್ಕದ್ದೆಲ್ಲ ಕಲ್ಲುಪ್ಪು. ಒಂದು ಹಿಡಿ ಮುಷ್ಟಿಯಲ್ಲಿ ಹಿಡಿದು ಕೂಸಿನ ತಲೆಯಿಂದ ಕಾಲಿಗೆ ಸುತ್ತತೊಡಗಿದಳು.

"ನಾಯಿ ಕಣ್ಣು, ನರಿ ಕಣ್ಣು, ಕಾಗೆ ಕಣ್ಣು, ಗೂಗೆ ಕಣ್ಣು, ಆದೀಲಿ ಓಗೋರ ಕಣ್ಣು, ಬೀದೀಲಿ ಬರೋರ ಕಣ್ಣು, ಆ ಉಪ್ಪಿನ ಆಯಾ ಕಣ್ಣು, ಎಲ್ಲಾ ಉರ್ದು ಓಗ್ಲಿ. ಥೂ, ಥೂ, ಥೂ."

ನನ್ನ ಕೈಯಲ್ಲಿದ್ದ ತಟ್ಟೆ ಬಾಗಿಲಿಗೆ ತಾಗಿ ಸದ್ದಾಯಿತು. ಚೆನ್ನಾಜಮ್ಮ ತಿರುಗಿದಳು. ಮುಷ್ಟಿ ಬಿಡಲಿಲ್ಲ.

"ಏನದು?" ಅಂದೆ.

"ನೋಡಿದ್ರಲ್ಲ, ಇನ್ನೇನ್ ಕೇಳೀರಿ. ದೃಷ್ಟಿ."

"ಆ ಉಪ್ಪು ಏನ್ ಮಾಡ್ತೀಯ ಆಮೇಲೆ?"

"ಒಲೇಗಾಕ್ಬೇಕು, ಚಟಪಟ ಅನ್ಬೇಕು. ಇಲ್ಲಿ ಒಲೆ ತಾವ ನೀವೇ ಕೂತಿರ್ತೀರ. ಬೀದೀಗೆ ಎಸ್ದು ಯಾರಾರ ತುಳುದ್ರೆ ಅವ್ರಿಗೆ ತಗುಲ್ತದೆ. ಅದ್ಕೇ ಚಿಂದೀಲಿ ಕಟ್ಟಿ ಕೂಸಿನ ದಿಂಬಿನಡಿ ಇಡ್ತೀನಿ. ಸೋಮಾರ ನಮ್ಮೆಜಮಾನ್ರು ಊರ್ಗೆ ತಕಂಡೋಗಿ ಒಲೇಗಾಕ್ತರೆ."

ದಿಂಬು ಎತ್ತಿದೆ. ಚಿಂದಿಯ ಗಂಟು ಒದ್ದೆಯಾಗಿತ್ತು. ಒಳಗಿನ ಹರಳುಗಳು ಚೀಪಿ ಚೀಪಿ ಕಲ್ಲುಸಕ್ಕರೆಯ ಹಾಗೆ ನುಣ್ಣಗಾಗಿದ್ದವು. ಮಾದೇವಿ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಲಗಿದ್ದಳು. ತಾಯಿ ಆ ಗಂಟು ನೋಡಿ, ಮಗಳ ತುಟಿ ನೋಡಿ, ಕುಸಿದು ಕೂತಳು. ಅವಳಿಗೆ ಗೊತ್ತಿರಲಿಲ್ಲ. ಅದು ತಿನ್ನುವ ಉಪ್ಪಲ್ಲ, ದೃಷ್ಟಿಯ ಉಪ್ಪು. ತಿನ್ನುವ ಉಪ್ಪನ್ನು ಅವಳು ಒಂದು ಹರಳೂ ಕೊಟ್ಟವಳಲ್ಲ, ಬಂದ ದಿನ ನನಗೆ ಕೊಟ್ಟ ಮಾತಿಗೆ ನಿಯತ್ತಾಗಿದ್ದಳು.

"ಇನ್ ಮೇಲೆ ಇದು ಬೇಡ" ಅಂದೆ.

"ಬೇಡ ಅಂದ್ರೆ? ನಿಮ್ಮ ಕಣ್ಣು ಯಾರು ಇಳಿಸ್ತರೆ?" ಅಂದಳು. ಅಳುತ್ತಲೇ ಅಂದಳು, ಆದರೆ ಹೆದರಲಿಲ್ಲ. "ಸಿಸ್ಟರಮ್ಮ ನಮ್ಮ ಕೂಸ್ನ ಎತ್ಕಂಡಾಗೆಲ್ಲ ಬಾಕ್ಲಲ್ಲಿ ನಿಂತು ನೋಡ್ತೀರಲ್ಲ, ಆ ನೋಟ ನಂಗೊಬ್ಳಿಗೇ ಕಂ‌ಡದಾ? ವಾಲ್ಡೆಲ್ಲ ಕಂಡದೆ. ಎಲ್ಡು ಕೂಸು ಮಣ್ಣಾಕಿ ಬಂದಿವ್ನಿ ಆಯಮ್ಮ. ಇದ್ರ ಮ್ಯಾಲೆ ಕಣ್ಣು ಬಿದ್ರೆ ಸುಮ್ಕಿರನಾ?"

ನೋಟ ಸರಿಯಾಗೇ ಕಂಡಿದ್ದಳು. ನೋಡಿದ್ದು ಕೂಸನ್ನಲ್ಲ, ಎತ್ತಿಕೊಂಡವಳನ್ನು ಅನ್ನೋದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಅದನ್ನು ನಾನು ಹೇಗೆ ಹೇಳಲಿ?

ಅಷ್ಟರಲ್ಲಿ ಏಲಿಯಮ್ಮ ಬಂದಳು. ದಿಂಬಿನ ಕೆಳಗಿನ ಗಂಟು ನೋಡಿದಳು, ಅರ್ಥವಾಯಿತು. ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟರಿಗೆ ಹೇಳಿದರೆ ಕೂಗಾಡುತ್ತಾರೆ. ಈ ಅಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ ಹತ್ತುತ್ತಾಳೆ. ಊರಿಗೆ ಹೋದರೆ ತೀರಿತು" ಅಂದಳು. ನಿಜ. ಉಪ್ಪು ಕಿತ್ತುಕೊಂಡರೂ ಇನ್ನೆಲ್ಲಿಂದಲೋ ತರುತ್ತಾಳೆ. ನನ್ನ ಕಣ್ಣು ಇರುವವರೆಗೂ ಅವಳಿಗೆ ಉಪ್ಪು ಬೇಕು.

ನಮ್ಮತ್ತೆ ಸೂಲಗಿತ್ತಿ ಅಂದೆನಲ್ಲ. ಬಾಣಂತಿ ಕೋಣೆಗೆ ಬಂದುಹೋದ ಯಾರ ಮೇಲಾದರೂ ಅನುಮಾನ ಬಂದರೆ, ಅವರು ಹೊರಟ ಮೇಲೆ ಹೆಜ್ಜೆಯ ಮಣ್ಣು ತೆಗೆದು ಕೂಸಿಗೆ ನಿವಾಳಿಸುತ್ತಿದ್ದರು. ಗೊತ್ತಾಗದ ಹಾಗೆ ತೆಗೆಯುತ್ತಿದ್ದರು. ಗೊತ್ತಾದರೆ ಜಗಳವಾಗುತ್ತದೆ.

ನಾನು ಚೆನ್ನಾಜಮ್ಮನ ಮುಂದೆ ಕೂತೆ.

"ಉಪ್ಪು ಯಾರ ಕಣ್ಣು ಅಂತ ಗೊತ್ತಿಲ್ದೇ ಇದ್ದಾಗ ತಗಿಯಾದು. ಗೊತ್ತಿದ್ರೆ ಪಾದದ ಮಣ್ಣೇ ಮೇಲು. ನಿಮ್ಮತ್ತೆ ಏಳಿಲ್ವಾ?"

"ಏಳವ್ರೆ. ಆದ್ರೆ ಕೇಳುದ್ರೆ ಯಾರ್ ಕೊಟ್ಟಾರು?"

"ನಾನ್ ಕೊಡ್ತೀನಿ. ದಿನಾ ಕೊಡ್ತೀನಿ. ಮಣ್ಣಿಗೆ ಒಲೆ ಬೇಡ, ಮೋರೀಗೆ ಎಸುದ್ರೂ ಆಯ್ತದೆ. ಈ ವಾಲ್ಡಿಗೆ ಉಪ್ಪು ತರಲ್ಲ ಅಂತ ಆ ಮಾದಪ್ಪನ ಗಂಟು ಮುಟ್ಟು."

ಕೊಡ್ತೀನಿ ಅಂದರೆ ಕಣ್ಣು ನನ್ನದೇ ಅಂತ ಒಪ್ಪಿಕೊಂಡ ಹಾಗೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ಗಂಟು ಮುಟ್ಟಿದಳು. ನಾನು ಅಂಗಳಕ್ಕೆ ಹೋಗಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ತುಳಿದೆ. ಅವಳು ಬಗ್ಗಿ ಎಡಗಾಲ ಹೆಜ್ಜೆಯಿಂದ ಒಂದು ಚಿಟಿಕೆ ತೆಗೆದುಕೊಂಡಳು.

ನಾನು ಇದನ್ನೆಲ್ಲ ನಂಬಿದೆನಾ ಅಂತ ಮೊಮ್ಮಗಳು ಕೇಳುತ್ತಾಳೆ. ನಂಬಿದರೂ ಬಿಟ್ಟರೂ ಮಣ್ಣಿನಲ್ಲಿ ಉಪ್ಪಿರಲಿಲ್ಲ. ಅಷ್ಟು ಸಾಕಿತ್ತು.

ಡಾಕ್ಟರಿಗೆ, ಇನ್ನು ಉಪ್ಪು ಬರಲ್ಲ ಸ್ವಾಮಿ ಅಂದೆ. ಹೇಗೆ ಅಂತ ಅವರು ಕೇಳಲಿಲ್ಲ. ಸುದ್ದಿ ವಾರ್ಡಿಗೆಲ್ಲ ಹರಡಿತು. ಬಾಕಿ ತಾಯಂದಿರೂ ಶುರು ಮಾಡಿದರು. "ಆಯಮ್ಮ, ವಸಿ ಇತ್ಲಾಗೆ ತುಳೀರಿ." "ಆಯಮ್ಮ, ಕಾಲು ತೊಳೀಬ್ಯಾಡಿ, ನಮ್ಮ ಕೂಸಿಗಿನ್ನೂ ತಗ್ದಿಲ್ಲ." ನನ್ನ ಕಣ್ಣು ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಒಳಗೆ ಮಣ್ಣು ತಂದು ನೆಲ ಕೊಳೆ ಮಾಡುತ್ತಾರೆ ಅಂತ ಏಲಿಯಮ್ಮ ಗೊಣಗಿದಳು. ಕೊನೆಗೆ ನಿವಾಳಿಸಿದ ಮೇಲೆ ಕೈ ತೊಳೆದೇ ಕೂಸು ಮುಟ್ಟಬೇಕು ಅಂತ ಸೋಪಿನ ನೀರಿಟ್ಟಳು. ಮಜಾ ಅಂದರೆ, ಬಾಕಿ ಕೂಸುಗಳ ದಿಂಬಿನ ಕೆಳಗಿನಿಂದಲೂ ಒಂದೆರಡು ಚಿಂದಿ ಗಂಟು ಹೊರಗೆ ಬಂದವು.

ಮಾದೇವಿಯ ಉಡುದಾರ ನಿಧಾನಕ್ಕೆ ಸಡಿಲವಾಯಿತು. ಒಂದು ಬೆರಳು ಹೋಯಿತು, ಆಮೇಲೆ ಎರಡು. ಬಾಯಿ ಸಪ್ಪೆಯಾದದ್ದಕ್ಕೆ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟಾದಳು. ನನ್ನನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಮಂಚದಿಂದ ಇಳಿದು ನಿಂತಾಗ ದಾರ ಜಾರಿ ಸೊಂಟದ ಮೂಳೆಗೆ ಬಂತು. ಡಾಕ್ಟರು ಟೇಪು ಸುತ್ತಿ ನೋಡಿ, ಏಲಿಯಮ್ಮನ ಕಡೆ ತಿರುಗಿ, "ಇದು ನಿಮ್ಮ ಕೈಗುಣ ಸಿಸ್ಟರ್" ಅಂದರು. ಏಲಿಯಮ್ಮ ನನ್ನ ಕಡೆ ನೋಡಿದಳು. ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಡಾಕ್ಟರು ಮುಂದಿನ ಮಂಚಕ್ಕೆ ಹೋಗಿ, "ಬಕೆಟ್ ತೆಗಿ" ಅಂದರು.

ಆ ಹುಡುಗಿ ಊರಿಗೆ ಹೊರಟ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಏಲಿಯಮ್ಮನ ಕುತ್ತಿಗೆಗೆ ಜೋತುಬಿದ್ದು ಅತ್ತಳಂತೆ. ನನಗೆ ಯಾರೂ ಕರೆದು ಹೇಳಲಿಲ್ಲ. ಈಲಿ ಏನೂ ಸರಿಹೋಗಿರಲಿಲ್ಲ, ಕಲ್ಲು ಕಲ್ಲೇ. ನೀರು ಮಾತ್ರ ನಿಂತಿತ್ತು. ಎಷ್ಟು ದಿನಕ್ಕೆ ನಿಂತಿತ್ತೋ, ಅದನ್ನು ಡಾಕ್ಟರೂ ಹೇಳಲಿಲ್ಲ.

ಮಾರನೇ ಬೇಸಿಗೆಯಲ್ಲಿ ರಜಕ್ಕೆ ನಾನು ಗುಂಡ್ಲುಪೇಟೆಗೆ ಹೊರಟೆ, ಏಲಿಯಮ್ಮ ಅವಳ ಊರಿಗೆ ಹೊರಟಳು. ಇಬ್ಬರೂ ಒಂದೇ ಬಸ್ಸು. ತೆರಕಣಾಂಬಿಯಲ್ಲಿ ಡ್ರೈವರು ಕಾಫಿಗೆ ಇಳಿದ. ನಾವೂ ಇಳಿದೆವು. ಮರದ ಕೆಳಗೆ ಚೆನ್ನಾಜಮ್ಮ! ಪಕ್ಕದಲ್ಲಿ ಮಾದೇವಿ, ಹೊಟ್ಟೆ ಚಪ್ಪಟೆ, ಕೈಯಲ್ಲಿ ಮೇಕೆಮರಿಯ ಹಗ್ಗ. ಏಲಿಯಮ್ಮ "ಮೋಳೇ!" ಅಂತ ಎರಡು ಕೈ ಚಾಚಿ ಓಡಿದಳು. ಅವಳು ಆವತ್ತು ಹಸಿರು ಸೀರೆ ಉಟ್ಟಿದ್ದಳು. ಹುಡುಗಿ ಗುರುತು ಹತ್ತದೆ ತಾಯಿಯ ಹಿಂದೆ ಸರಿದಳು. ಚೆನ್ನಾಜಮ್ಮ "ಚಂದಾಗಿದ್ದೀರಾ ಸಿಸ್ಟರಮ್ಮ" ಅಂದು, ಅವಳನ್ನು ದಾಟಿ ನನ್ನ ಹತ್ತಿರ ಬಂದಳು.

"ಅಯ್ಯೋ ಆಯಮ್ಮ, ಮಾದಪ್ಪನೇ ಕಳ್ಸ್‌ದ ನಿಮ್ಮ. ತಂದಿದ್ದ ಮಣ್ಣು ಮುಗ್ದೋಯ್ತು. ವಸಿ ತುಳೀರಿ."

ನಾನು ತುಳಿದೆ. ಮಾದೇವಿ ತಾನೇ ಬಗ್ಗಿ ಹೆಜ್ಜೆಯ ಮಣ್ಣು ಎತ್ತಿ ತಾಯಿಯ ಸೆರಗಿಗೆ ಹಾಕಿದಳು. ತಲೆ ಎತ್ತಿ ನನ್ನ ಮುಖ ನೋಡಿ, "ಈಗ್ಲೂ ಉಪ್ಪಾಕ್ಕಳಾಕಿಲ್ಲ ಆಯಮ್ಮ" ಅಂದಳು. ಕಂಡಕ್ಟರು, "ಏನಮ್ಮ ಅದು, ರಸ್ತೆ ಮಣ್ಣು ಬಾಚ್ತಿದ್ದೀರಾ?" ಅಂದ. ಚೆನ್ನಾಜಮ್ಮ ಬಸ್ಸಿನವರಿಗೆಲ್ಲ ಕೇಳುವ ಹಾಗೆ, "ನಮ್ಮ ಕೂಸ್ನ ಉಳ್ಸಿದ್ದು ಈಯಮ್ಮನ ಪಾದದ ಮಣ್ಣು ಕಣಪ್ಪ. ಬ್ಯಾರೆ ಯಾರೂ ಅಲ್ಲ" ಅಂದಳು. ಒಳಗೆ ಕೂತಿದ್ದ ಒಬ್ಬ ಮುದುಕ ನನಗೆ ಕೈ ಮುಗಿದ.

ಏಲಿಯಮ್ಮ ಚಾಚಿದ ಕೈ ಇಳಿಸಿಕೊಂಡು ಬಸ್ಸಿನ ಪಕ್ಕ ನಿಂತಿದ್ದಳು. ಹುಡುಗಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿದ್ದ ನೋಟ. ವರ್ಷಗಟ್ಟಲೆ ಅದನ್ನು ನಾನು ನನ್ನ ಮುಖದ ಮೇಲೇ ಹೊತ್ತಿದ್ದೆ.

ಚೆನ್ನಾಜಮ್ಮನ ಸೆರಗು ಹಿಡಿದು ನಿಲ್ಲಿಸಿದೆ.

"ಈ ಸಿಸ್ಟರಮ್ಮಂಗೂ ಮೆಟ್ಟು ಬುಡಿ ಅನ್ನವ್ವ" ಅಂದೆ. "ಇವರ ಕಾಲಡೀದೂ ಒಂದ್ ಚಿಟ್ಕೆ ತಕ. ಇವತ್ತು ಬೇಕಾಯ್ತದೆ."